ಅಗಲ ನಾಲ್ಕು, ಎತ್ತರ ಮೂರು
ರಾಣೆಬೆನ್ನೂರಿನ ಮದುವೆಗಳಲ್ಲಿ ವಿಡಿಯೋ ತೆಗೆಯುವ ಫಕ್ಕೀರೇಶನಿಗೆ ಚಿತ್ರದ ಅಂಚೆಂದರೆ ಜೀವಭಯ. "ಟಿವಿ ಅಗಲ ನಾಕ ಪಾಲಿದ್ರ ಎತ್ತರ ಮೂರ ಪಾಲು, ಅಷ್ಟರಾಗ ಎಲ್ಲಾರೂ ಹಿಡೀಬೇಕ್ರಿ, ಒತ್ತಿಕೊಂಡು ನಿಂದರ್ರಿ!" ಎಂದು ಬೀಗರನ್ನು ಬೇಡುತ್ತಾನೆ. ಯಾರೂ ಹೊರಗುಳಿಯಬಾರದೆಂದು ಹಿಂದೆ ಹಿಂದೆ ಸರಿಯುತ್ತಾ ಅಡುಗೆಯ ಒಲೆಯವರೆಗೂ ಹೋಗಿಬಿಡುತ್ತಾನೆ. ಕ್ಯಾಮೆರಾದಲ್ಲಿ ಕಂಡ ಅಂಚನ್ನು ಟಿವಿ ನುಂಗುತ್ತದೆಂದು ಅವನಿಗೆ ತಿಳಿದದ್ದು ಅಗಡಿಯ ಉಡಚವ್ವನ ಮದುವೆಯ ಕ್ಯಾಸೆಟ್ ಹಾಕಿದ ದಿನ. ಮದುವೆಯಾದ ತಿಂಗಳಲ್ಲೇ ಅವಳ ಅಪ್ಪ ತೀರಿಕೊಂಡಿದ್ದ. ಕ್ಯಾಮೆರಾದ ಅಂಚಿನಲ್ಲಿ ಕಂಡಿದ್ದ ಅಪ್ಪನ ಮುಖ ಟಿವಿಯಲ್ಲಿ ಇರಲೇ ಇಲ್ಲ. ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕುವ ಕೈಯಷ್ಟೇ ಇತ್ತು. ಬೈಗುಳಕ್ಕೆ ಕಾಯುತ್ತಲೇ ಫಕ್ಕೀರೇಶ ಕ್ಯಾಸೆಟ್ ಮುಂದೋಡಿಸಲು ಹೋದ. "ಅಲ್ಲೇ ನಿಲ್ಲಸ್ರಿ ಅಣ್ಣಾರ," ಎಂದಳು ಉಡಚವ್ವ, "ಕೈಯರ ಸಿಕ್ಕೈತಲ್ಲ." ಆ ಮಾತು ಹೆದರಿಸಿದಷ್ಟು ಯಾವ ಬೀಗರ ಬೈಗುಳವೂ ಅವನನ್ನು ಹೆದರಿಸಿಲ್ಲ.