ದುರ್ಗಮ್ಮನ ಹಲ್ಲಿನ ಜಾಮೀನು

ಬೀಸುಕಲ್ಲು ಸವೆದು ನುಣ್ಣಗಾದರೆ ಕಾಳು ಒಡೆಯುವುದಿಲ್ಲ, ಜಾರುತ್ತದೆ. ಆಗ ಉಳಿಯಿಂದ ಸಣ್ಣ ಸಣ್ಣ ಗುಳಿ ಹೊಡೆದು ಕಲ್ಲಿಗೆ ಮುಳ್ಳು ಹಾಕಬೇಕು. ದುರ್ಗಮ್ಮ ಆ ಕೆಲಸದವಳು. ಹುಟ್ಟಿನಿಂದ ಅಲ್ಲ, ಗತಿಯಿಲ್ಲದೆ. ಶಿವಮೊಗ್ಗದ ಹೊರಗೆ, ಗೋಪಾಳದ ಕಡೆ ಕಲ್ಲು ಕೆಲಸದವರ ಗುಡಿಸಲುಗಳಿದ್ದವು. ಗಂಡ ಹುಲಿಯಪ್ಪ ಗಣಿಯಲ್ಲಿ ಕಲ್ಲು ಒಡೆಯುವಾಗ ಚಕ್ಕೆ ಸಿಡಿದು ಒಂದು ಕಣ್ಣು ಹೋಯಿತು, ಇನ್ನೊಂದು ಮಂಜಾಯಿತು. ಕಂಟ್ರಾಕ್ಟರು ಬಂದು ನೋಡಲೂ ಇಲ್ಲ. ಕೇಳೋಣ ಎಂದರೆ ಸಂಘವಿರಲಿಲ್ಲ, ಕೇಳಬಹುದು ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವನ ಉಳಿ ಸುತ್ತಿಗೆ ಇವಳ ಕೈಗೆ ಬಂದವು.

ಕೈಗೆ ಬಂದರೇನು, ಕೆಲಸ ಎಲ್ಲಿ? ಶಿವಮೊಗ್ಗದ ಬೀದಿಗಳನ್ನೆಲ್ಲ ಅವರ ಕುಲದವರೇ ಹಂಚಿಕೊಂಡಿದ್ದರು. ಇಂಥ ಬೀದಿಯ ಬೀಸುಕಲ್ಲು ಇಂಥ ಮನೆತನಕ್ಕೆ. ಗಡಿ ದಾಟಿದವರಿಗೆ ಪಂಚಾಯಿತಿ, ದಂಡ. ಹುಲಿಯಪ್ಪನ ಮನೆತನಕ್ಕೆ ಬೀದಿಯೇ ಇರಲಿಲ್ಲ. ಉಳಿದದ್ದು ಭದ್ರಾವತಿ. ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಅಲ್ಲಿ ಸಾಲುಸಾಲಾಗಿ ಲೈನು ಮನೆಗಳು ಎದ್ದಿದ್ದವು. ಎಲ್ಲೆಲ್ಲಿಯದೋ ಜನ, ಮನೆಗೊಂದು ಬೀಸುಕಲ್ಲು. ಆ ಕಲ್ಲುಗಳಿಗೆ ಇನ್ನೂ ವಾರಸುದಾರರು ಹುಟ್ಟಿರಲಿಲ್ಲ. ಒಂದು ಲೈನು ಹಿಡಿದರೆ ಇಬ್ಬರ ಹೊಟ್ಟೆ ನಡೆಯುತ್ತದೆ, ಇಲ್ಲದಿದ್ದರೆ ಗಂಡನ ಕಣ್ಣು ತಿಂದ ಆ ಗಣಿಗೇ ತಾನೂ ಜಲ್ಲಿ ಒಡೆಯಲು ಹೋಗಬೇಕು ಎಂದುಕೊಂಡು ದುರ್ಗಮ್ಮ ಬೆಳಗಿನ ರೈಲು ಹತ್ತಿದಳು.

ಅವಳು ಮೊದಲು ಹೊಕ್ಕ ಲೈನಿನಲ್ಲಿ ಕಾರ್ಖಾನೆಯ ಮೇಸ್ತ್ರಿಯ ಹೆಂಡತಿ ಸುವರ್ಣಮ್ಮನ ಮಾತೇ ಮಾತು. ಅವಳು ನಲ್ಲಿಕಟ್ಟೆಯಲ್ಲಿ ಹೂಂ ಅಂದದ್ದಕ್ಕೆ ಉಳಿದವರು ಊಹೂಂ ಅನ್ನುತ್ತಿರಲಿಲ್ಲ.

"ನಮ್ಮೂರಲ್ಲಿ ಈ ಕೆಲಸಕ್ಕೆ ಗಂಡಸರು ಬರ್ತಿದ್ರು. ನಿಂಗೆ ಬರುತ್ತೆ ಅಂತ ನಂಗೇನು ಗೊತ್ತು?" ಎಂದಳು ಸುವರ್ಣಮ್ಮ.

"ನಿಮ್ಮ ಕಲ್ಲು ಬಿಟ್ಟಿ ಮಾಡಿಕೊಡ್ತೀನಿ, ಅಮ್ಮಾರೆ. ಹಿಟ್ಟು ನೋಡಿ. ಚೆನ್ನಾಗಿದ್ರೆ ನಾಲ್ಕು ಮನೆಗೆ ಹೇಳಿ."

ಬಿಟ್ಟಿ ಅಂದರೆ ಯಾರಿಗೆ ಬೇಡ? ಕಲ್ಲು ಹಿತ್ತಲಿಗೆ ಬಂತು. ದುರ್ಗಮ್ಮ ಒಳಗೆ ಕಾಲಿಡುವಂತಿರಲಿಲ್ಲ. ಬಿಸಿಲಲ್ಲಿ ಕೂತು ಎರಡು ಹೋಳಿಗೂ ಒಂದೇ ಸಮನೆ ಮುಳ್ಳು ಹಾಕಿದಳು. ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾ, "ಮೊದಲು ಎರಡು ಹಿಡಿ ತೌಡು ಬೀಸಿ ಚೆಲ್ಲಿಬಿಡಿ. ಸಂದಿಯಲ್ಲಿರೋ ಕಲ್ಲುಪುಡಿ ಅದರ ಜೊತೆ ಹೋಗುತ್ತೆ" ಎಂದಳು.

"ತೌಡು ನಮ್ಮ ಎಮ್ಮೆಗೇ ಸಾಲಲ್ಲ ಮಾರಾಯ್ತಿ. ನೀರು ಹುಯ್ದು ತೊಳೆದ್ರಾಯ್ತು ಬಿಡು."

ನೀರಿಗೆ ಆ ಪುಡಿ ಬಿಡುವುದಿಲ್ಲವೆಂದು ದುರ್ಗಮ್ಮನಿಗೆ ಗೊತ್ತಿತ್ತು. ಆದರೆ ಹೊಸ ಜಾಗ, ಬಿಟ್ಟಿ ಕೆಲಸ, ದೊಡ್ಡ ಮನುಷ್ಯಳು. ಎದುರು ಮಾತಾಡಿದರೆ ಎಲ್ಲಿ ಸಿಟ್ಟಾಗುತ್ತಾಳೋ ಎಂದು ಸುಮ್ಮನಾದಳು. ಅಲ್ಲೇ ಅವಳು ಕೆಟ್ಟದ್ದು.

ಮುಂದಿನ ವಾರ ಬಂದಾಗ ನಲ್ಲಿಕಟ್ಟೆಯ ನಗೆ ದೂರಕ್ಕೇ ಕೇಳಿಸಿತು. ಕೊನೆ ಮನೆಯ ಹಾಲಮ್ಮ ಬಾಯಿ ತೆಗೆದಳು. "ಬಂದ್ಲು ನೋಡ್ರೇ, ರೊಟ್ಟಿಗೆ ಜಲ್ಲಿ ಹಾಕೋಳು. ಮೇಸ್ತ್ರಿಗಳು ಮೊನ್ನೆಯಿಂದ ದವಡೆ ಹಿಡ್ಕೊಂಡೇ ಕೆಲಸಕ್ಕೆ ಹೋಗ್ತಿದಾರೆ. ರಸ್ತೆ ಕೆಲಸಕ್ಕೆ ಸೇರ್ಕೋ ಹೋಗೆ, ಅಲ್ಲಾದ್ರೆ ಬೈಯೋರಿಲ್ಲ."

ದುರ್ಗಮ್ಮ ಬಂದ ದಾರಿಯಲ್ಲೇ ಸ್ಟೇಷನ್ನಿನ ಕಡೆ ತಿರುಗಿದಳು. ಅರ್ಧ ದಾರಿಯಲ್ಲಿ ಅವಳಿಗೆ ರೋಷ ಬಂತು. ಸುವರ್ಣಮ್ಮನ ಮೇಲಲ್ಲ, ಗೊತ್ತಿದ್ದೂ ಮುಚ್ಚಿಕೊಂಡಿದ್ದ ತನ್ನ ಬಾಯಿಯ ಮೇಲೆ. ತಿರುಗಿ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು.

"ಅಮ್ಮಾರೆ, ಆ ಕಲ್ಲನ್ನ ನಲ್ಲಿಕಟ್ಟೆಗೆ ತರ್ಸಿ."

"ಮತ್ತೆ ಉಳಿ ಹಿಡಿದ್ಯೋ, ನೋಡು."

"ಉಳಿ ತಂದೇ ಇಲ್ಲ ಅಂದ್ಕೊಳ್ಳಿ. ಕಲ್ಲು ನಿಮ್ದು, ಅಕ್ಕಿ ನಿಮ್ದು, ಬೀಸೋ ಕೈ ನಿಮ್ದು. ಮೊದಲು ತೌಡು ಬೀಸಿ, ಆಮೇಲೆ ಅಕ್ಕಿ ಬೀಸಿ ರೊಟ್ಟಿ ಬಡೀರಿ. ತಿನ್ನೋಳು ನಾನು, ಎಲ್ಲರೆದುರಿಗೆ. ಕಲ್ಲು ಸಿಕ್ಕಿದ್ರೆ ನನ್ನ ಹಲ್ಲು ಹೋಗ್ಲಿ, ಈ ಲೈನಿಗೆ ಕಾಲಿಡಲ್ಲ."

ದುರ್ಗಮ್ಮ ಮಾಡಿದ್ದನ್ನು ಸುವರ್ಣಮ್ಮ ತಿನ್ನುವಂತಿರಲಿಲ್ಲ, ಸುವರ್ಣಮ್ಮ ಮಾಡಿದ್ದನ್ನು ದುರ್ಗಮ್ಮ ತಿನ್ನಬಹುದಿತ್ತು. ಜಾತಿಯ ಆ ಸುಡುಗಾಡು ಕಟ್ಟಳೆಯನ್ನೇ ಅವಳು ಸಾಕ್ಷಿಗೆ ನಿಲ್ಲಿಸಿದಳು. ಎಮ್ಮೆಯ ತೌಡಿನಲ್ಲಿ ಎರಡು ಹಿಡಿ ಹೋಯಿತು. ಕಲ್ಲಿನಿಂದ ಉದುರಿದ ತೌಡನ್ನು ದುರ್ಗಮ್ಮ ಬೆರಳಲ್ಲಿ ಹೊಸಕಿ ಹಾಲಮ್ಮನ ಅಂಗೈಗೆ ಸುರಿದಳು. ಕರಕರ ಎನ್ನುತ್ತಿತ್ತು. ಹಾಲಮ್ಮ ಕೈ ಒದರಿಕೊಂಡಳು.

ರೊಟ್ಟಿ ಬಂತು. ಸುವರ್ಣಮ್ಮ ಅದನ್ನು ಎಲೆಯ ಮೇಲೆ ಹಾಕಿ ಮುಟ್ಟದಂತೆ ತಳ್ಳಿದಳು. ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ದುರ್ಗಮ್ಮ ತುತ್ತು ಮುರಿದು, ಎಮ್ಮೆ ಮೆಲುಕು ಹಾಕುವಂತೆ ನಿಧಾನ ಅಗಿದಳು. ಹಿಂದಿನ ದಿನ ಸಂಜೆಯಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗಬಗಬ ನುಂಗಬೇಕೆನಿಸಿದರೂ ನುಂಗಲಿಲ್ಲ, ನುಂಗಿದರೆ ಯಾರೂ ನಂಬುವುದಿಲ್ಲ.

"ಒಳಗೊಳಗೇ ನುಂಗ್ತಿದೀಯೇನೋ. ಬಾಯಿ ತೆಗಿ ನೋಡೋಣ" ಎಂದಳು ಹಾಲಮ್ಮ.

ದುರ್ಗಮ್ಮ ಬಾಯಿ ತೆಗೆದು ತೋರಿಸಿದಳು. ಒಬ್ಬಳು ಸೆರಗು ಮುಚ್ಚಿಕೊಂಡು ನಕ್ಕಳು. ಸುವರ್ಣಮ್ಮ ಒಳಗೆ ಹೋಗಿ ತನಗೊಂದು ರೊಟ್ಟಿ ತಂದು, ನಿಂತಲ್ಲೇ ಕಚ್ಚಿದಳು. ಅಗಿದಳು. ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು.

"ಉಪ್ಪು ಸ್ವಲ್ಪ ಕಮ್ಮಿಯಾಯ್ತು" ಎಂದಳು. ತಪ್ಪು ನನ್ನದು ಅನ್ನಲಿಲ್ಲ. ಅಂಥವರು ಅನ್ನುವುದಿಲ್ಲ.

ಹಾಲಮ್ಮ ಕೊಡ ಎತ್ತಿಕೊಂಡಳು. "ನಾಳೆ ನಮ್ಮನೆಗೆ ಬಾ ಮಾರಾಯ್ತಿ. ಬಿಟ್ಟಿ ತಾನೆ?"

"ಬಿಟ್ಟಿ ಮುಗೀತಕ್ಕ. ಒಂದು ಸೇರು ರಾಗಿ. ತೌಡು ನಿಮ್ದೇ. ತೌಡಿಲ್ಲ ಅನ್ನೋ ಮನೆ ಕಲ್ಲಿಗೆ ನಾನು ಉಳಿ ಮುಟ್ಟಿಸಲ್ಲ."

ಮೊದಲು ಕೇಳಿದ ಹಾಲಮ್ಮನೇ ಬೇಡ ಅಂದರೆ ಇಡೀ ಲೈನು ಬೇಡ ಅನ್ನಬಹುದಿತ್ತು.

ಹಾಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸುವರ್ಣಮ್ಮನ ಕಡೆ ತಿರುಗಿ, "ಅಕ್ಕಾ, ನಿಮ್ಮ ಎಮ್ಮೆ ತೌಡಲ್ಲಿ ನಂಗೂ ಎರಡು ಹಿಡಿ ಕೊಡ್ತೀರಾ?" ಎಂದಳು.

ಆ ಲೈನು ಬಹಳ ವರ್ಷ ದುರ್ಗಮ್ಮನ ಕೈಯಲ್ಲಿತ್ತು. ಹೊಸ ಮನೆಯ ಮೊದಲ ರೊಟ್ಟಿಯನ್ನು ಅವಳೇ ಅಗಿದು ತೋರಿಸುತ್ತಿದ್ದಳು, ಹಿತ್ತಲಲ್ಲಿ ಕೂತು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.