ಕಂದಾಯದ ತಂಗಿ ಮಗಳು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಆ ಹೆಂಗಸು ಮನೆಯೊಡತಿಗೆ ತಂಗಿ ಮಗಳಾದದ್ದು ಬಾಡಿಗೆಗೆ ಬಂದ ಮೂರನೆಯ ತಿಂಗಳಲ್ಲಿ, ಅದೂ ನಿಂತ ನಿಲುವಿನಲ್ಲಿ. ಬಾಗಿಲಿಗೆ ಬಂದ ಬಿಲ್ ಕಲೆಕ್ಟರ್, ಮುಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಿದ. ಮನೆಯೊಡತಿ ಕಣ್ಣು ಮಿಟುಕಿಸದೆ, "ನನ್ನ ತಂಗಿ ಮಗಳು," ಎಂದಳು. ಆಕೆಗೆ ತಂಗಿಯೇ ಇರಲಿಲ್ಲ.

ಅವನು ಹೋದ ಮೇಲೆ ವಿಷಯ ಬಿಡಿಸಿ ಹೇಳಿದಳು. ಮಾಲೀಕರು ಮತ್ತು ಅವರ ಮನೆಮಂದಿ ಮಾತ್ರ ಇರುವ ಮನೆಗೆ ಅರ್ಧ ಕಂದಾಯ. ಒಂದೇ ಒಂದು ಕೋಣೆ ಬಾಡಿಗೆಗೆ ಕೊಟ್ಟರೂ ಆ ರಿಯಾಯಿತಿ ಹೋಯಿತು, ಇಡೀ ಮನೆಗೆ ಪೂರ್ತಿ ದರ.

"ಅದಕ್ಕೇ ಕಣೆ. ಯಾರಾದ್ರೂ ಕೇಳಿದ್ರೆ ನನ್ನ ದೊಡ್ಡಮ್ಮ ಅನ್ನು. ನಿನ್ನ ಗಂಟೇನು ಹೋಗುತ್ತೆ?"

ಅನಾಥಾಲಯದಲ್ಲಿ ಬೆಳೆದವಳಿಗೆ ಹೋಗಲು ಗಂಟಾದರೂ ಎಲ್ಲಿತ್ತು? ಮೊದಮೊದಲು ದೊಡ್ಡಮ್ಮ ಎನ್ನುವಾಗ ನಾಲಿಗೆ ತಡವರಿಸುತ್ತಿತ್ತು. ಆಮೇಲೆ ರೂಢಿಯಾಯಿತು. ಯಾವಾಗ ಅದು ನಿಜವಾಯಿತೋ ಅವಳಿಗೇ ಗೊತ್ತಾಗಲಿಲ್ಲ. ತಿಂಗಳ ಬಾಡಿಗೆಯನ್ನು ಕೈಗೆ ಕೊಡುತ್ತಿದ್ದಳು, ರಸೀದಿ ಕೇಳುತ್ತಿರಲಿಲ್ಲ. ತಂಗಿ ಮಗಳಿಗೆ ಯಾರಾದರೂ ರಸೀದಿ ಕೊಡುತ್ತಾರೆಯೇ?

ದೊಡ್ಡಮ್ಮನ ಜಿಪುಣತನ ಬೀದಿಗೆಲ್ಲ ಗೊತ್ತಿದ್ದದ್ದೇ. ಹಗಲಲ್ಲಿ ದೀಪ ಉರಿದರೆ ಆಕೆಯ ಹೊಟ್ಟೆ ಉರಿಯುತ್ತಿತ್ತು. ಸೋಪು ಸವೆದು ಎಲೆಯಂತಾದರೂ ಹೊಸ ಸೋಪಿಗೆ ಅಂಟಿಸಿ ಬಳಸುತ್ತಿದ್ದಳು. ಇವಳು ಅದನ್ನೆಲ್ಲ ನಕ್ಕು ಸಹಿಸಿದಳು, ಮನೆಯವರ ಗುಣವನ್ನು ಮನೆಯವರು ಸಹಿಸುವಂತೆ. ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ನಲವತ್ತು ದಿನ ಅಂಗಡಿಗೆ ರಜೆ ಹಾಕಿ, ಎತ್ತಿ ಕೂರಿಸಿ, ತೊಳೆದು, ತಲೆ ಬಾಚಿದಳು. ಅಂಗಡಿಯವನು ಅರ್ಧ ಸಂಬಳ ಹಿಡಿದುಕೊಂಡ. ಅದನ್ನು ಅವಳು ದೊಡ್ಡಮ್ಮನಿಗೆ ಬಾಯಿಬಿಟ್ಟು ಹೇಳಲೂ ಇಲ್ಲ. ಹೀಗೆ ಹನ್ನೆರಡು ವರ್ಷ ಕಳೆಯಿತು.

ಈ ವರ್ಷ ಮನೆಗಳ ಮರು ಅಳತೆ ಶುರುವಾಯಿತು. ಒಂದು ಸಂಜೆ ಅವಳು ಬೆರಳಿಗಂಟಿದ ಗಾಜಿನ ಪುಡಿ ತೊಳೆಯುತ್ತಿದ್ದಾಗ ಅಧಿಕಾರಿಯೊಬ್ಬ ಟೇಪು, ಫೈಲು ಹಿಡಿದು ಬಂದ. ಕೋಣೆಗಳನ್ನು ಅಳೆದ. ಅದೇ ಹಳೆಯ ಪ್ರಶ್ನೆ ಕೇಳಿದ, ಅದೇ ಹಳೆಯ ಉತ್ತರ ಬಂತು.

"ಸರಿ ಅಮ್ಮ, ಹಾಗಿದ್ರೆ ಇಲ್ಲಿ ಸಹಿ ಹಾಕಿ. ಇವರು ನಿಮ್ಮ ಕುಟುಂಬದವರು ಅಂತ ನೀವು ಬರೆದುಕೊಡಬೇಕು, ಈಗ ಹೊಸ ನಿಯಮ. ಕಾಗದ ಮನೆ ಫೈಲಲ್ಲೇ ಇರುತ್ತೆ."

ಇವಳಿಗೆ ಹೆದರಿಕೆಯಾಗಲಿಲ್ಲ, ಸಂತೋಷವಾಯಿತು. ಸುಳ್ಳೋ ಪಳ್ಳೋ, ತಾನು ಒಬ್ಬರ ಮನೆಯವಳು ಎಂದು ಕಾಗದದ ಮೇಲೆ ಬೀಳುವುದು ಬದುಕಿನಲ್ಲಿ ಇದೇ ಮೊದಲು. ತಾನೇ ಓಡಿಹೋಗಿ ದೊಡ್ಡಮ್ಮನ ಕನ್ನಡಕ ತಂದುಕೊಟ್ಟಳು.

ದೊಡ್ಡಮ್ಮ ಕಾಗದವನ್ನು ಎರಡು ಸಲ ಓದಿದಳು. ಪೆನ್ನು ಕೆಳಗಿಟ್ಟಳು.

"ನಾಳೆ ಇವಳು ಈ ಕಾಗದ ಹಿಡ್ಕೊಂಡು ಮನೇಲಿ ಪಾಲು ಕೇಳಿದ್ರೆ?"

ಇವಳು ಪಕ್ಕದಲ್ಲೇ ನಿಂತಿದ್ದಳು. ಆದರೂ ಆಕೆ ಕೇಳಿದ್ದು ಅಧಿಕಾರಿಯನ್ನು, ಇವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ಅದೆಲ್ಲ ಕೋರ್ಟಿನ ವಿಷಯ ಅಮ್ಮ, ನನಗೆ ಗೊತ್ತಿಲ್ಲ."

"ಹಾಗಾದ್ರೆ ಬಾಡಿಗೆಯವಳು ಅಂತಲೇ ಬರ್ಕೊಳ್ಳಿ. ಪೂರ್ತಿ ಕಂದಾಯ ಕಟ್ತೀನಿ."

ಚೂರು ಸೋಪಿಗೂ ಲೆಕ್ಕ ಹಾಕುವ ಹೆಂಗಸು ದುಪ್ಪಟ್ಟು ಕಂದಾಯಕ್ಕೆ ಹೂಂ ಎನ್ನಲು ಒಂದು ಗಳಿಗೆ ಹಿಂದುಮುಂದು ನೋಡಲಿಲ್ಲ. ಇವಳಿಗೆ ಮುಖಕ್ಕೆ ಹೊಡೆದಂತಾಯಿತು. ಪಾಲು ಕೇಳುವ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ನಲವತ್ತು ದಿನ ತನ್ನ ಕೈಯಲ್ಲಿ ಅನ್ನ ಉಂಡವಳು ಅಷ್ಟು ದಿನವೂ ತನ್ನನ್ನು ಕಳ್ಳಿಯೆಂದು ನೋಡಿದ್ದಳೇ?

ಅಧಿಕಾರಿ ಹಾಳೆ ಬದಲಾಯಿಸಿದ. "ಬಾಡಿಗೆಗೆ ಬಂದ ದಿನದಿಂದ ವ್ಯತ್ಯಾಸ ಕಟ್ಟಬೇಕು, ಮೇಲೆ ದಂಡ. ಯಾವಾಗಿಂದ ಇದ್ದಾರೆ?"

"ಆರು ತಿಂಗಳಾಯ್ತು," ಎಂದಳು ದೊಡ್ಡಮ್ಮ.

ಹನ್ನೆರಡು ವರ್ಷವನ್ನು ಹೀಗೆ ಒರೆಸಿಹಾಕಬಹುದು ಎಂದು ಇವಳಿಗೆ ಗೊತ್ತಿರಲಿಲ್ಲ. ಅಧಿಕಾರಿಗೆ ಅನುಮಾನ ಬಂದಿರಬೇಕು, ಇವಳ ಕಡೆ ತಿರುಗಿದ. "ನೀವು ಹೇಳಿ. ಎಷ್ಟು ದಿನ ಆಯ್ತು?"

ಆಗ ದೊಡ್ಡಮ್ಮ ಇವಳ ಮುಖ ನೋಡಿದಳು. ನಿಜ ಹೊರಬಿದ್ದರೆ ಆಕೆ ಕೂಡಿಟ್ಟದ್ದೆಲ್ಲ ದಂಡಕ್ಕೇ ಸರಿಹೋಗುತ್ತಿತ್ತು. ಧ್ವನಿ ಬೆಣ್ಣೆಯಾಯಿತು. "ಹೇಳು ಮಗಳೇ, ಆರು ತಿಂಗಳಲ್ವಾ?"

ನಿಜ ಗಂಟಲ ತನಕ ಬಂದಿತ್ತು. ಹೇಳಿಬಿಟ್ಟರೆ ಸೇಡು ತೀರುತ್ತಿತ್ತು, ನಿಜ. ಆದರೆ ಹೇಳಿದರೆ ಆ ಹನ್ನೆರಡು ವರ್ಷ ಯಾರ ಮನೆಯಲ್ಲಿ, ಯಾರಾಗಿ ಇದ್ದೆ ಎಂದು ಹೇಳುವುದು?

"ಹೌದು ಸಾರ್, ಆರು ತಿಂಗಳು," ಎಂದು ಪೆನ್ನು ತೆಗೆದುಕೊಂಡು ಬಾಡಿಗೆದಾರರು ಎಂದಿದ್ದ ಕಡೆ ಸಹಿ ಹಾಕಿದಳು. "ಈಯಮ್ಮನ ಪರಿಚಯ ನನಗೆ ಅಷ್ಟಾಗಿ ಇಲ್ಲ."