ಸೆಗಣಿ ಮೆತ್ತಿದ ಜಾವಾ

ನಮ್ಮ ತಾಳವಾಡಿ ಕಡೆಯ ಗಂಡಸರಿಗೆ ಆಗ ಒಂದು ಚಾಳಿ. ಕ್ಯಾಮೆರಾ ಕಂಡರೆ ಸಾಕು, ಯಾರದಾದರೂ ಬೈಕಿಗೆ ಒರಗಿ ನಿಂತುಬಿಡಬೇಕು. ಬೆಟ್ಟದ ಮೇಲಿದ್ದ ಬೈಕುಗಳು ಬೆರಳೆಣಿಕೆಯಷ್ಟು. ನಮ್ಮ ಟ್ರಂಕಿನ ಫೋಟೊಗಳನ್ನು ನೋಡಿದರೆ ಮಾತ್ರ ಮನೆಗೊಂದು ಇತ್ತೇನೋ ಅನ್ನಬೇಕು! ಎಪ್ಪತ್ತರ ದಶಕದ ಕೊನೆಯ ಒಂದು ಮಾಗಿ ಮಧ್ಯಾಹ್ನ ಅಜ್ಜಿ ಅವನ್ನೆಲ್ಲ ನನ್ನ ಮುಂದೆ ಸುರಿದಳು.

"ನನ್ ಮಗನ್ನ ತಿಂದ ವಂಡಿ ಯಾವುದು ತೋರ್ಸು ಕೂಸೇ. ಒಲೆಗಾಕ್ತೀನಿ."

ತಾಳಮಲೆ ರಸ್ತೆಯ ತಿರುವಿನಲ್ಲಿ ಜಾವಾ ಬೈಕು ಜಾರಿ ಚಿಕ್ಕಪ್ಪ ಸತ್ತು ಆರು ತಿಂಗಳೂ ಆಗಿರಲಿಲ್ಲ. ಬೈಕಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಜ್ಜಿಗೆ ತಡೆಯಲಾಗದ್ದು ಅದೇ. ದಿನಾ ಬೆಳಿಗ್ಗೆ ಅವನು ಹೊರಡುವ ಮುಂಚೆ ಅದರ ಹೆಡ್‌ಲೈಟಿಗೆ ಮೂರು ಬೆರಳಲ್ಲಿ ವಿಭೂತಿ ಬಳಿದು ಕಳಿಸುತ್ತಿದ್ದವಳು ಅವಳೇ. ಈಗ ಫೋಟೊದಲ್ಲೂ ಅದು ಉಳಿಯಬಾರದು ಅಂತ ಹಟ ಹಿಡಿದು ಕೂತಿದ್ದಳು.

ಅವಳ ಕಣ್ಣಿಗೆ ಬೈಕೆಲ್ಲ ಒಂದೇ. ಚಿಕ್ಕಪ್ಪನ ಹಿಂದೆ ಕೂತು ಹೈಸ್ಕೂಲಿಗೆ ಹೋದ ನನಗೆ ಗುರುತು ಗೊತ್ತಿತ್ತು. ಕಪ್ಪುಬಿಳುಪು ಫೋಟೊದಲ್ಲಿ ಬಣ್ಣ ನಂಬುವ ಹಾಗಿಲ್ಲ, ಸೈಲೆನ್ಸರ್ ನೋಡಬೇಕು. ಒಂದೇ ಇದ್ದರೆ ಬುಲೆಟ್ಟೋ ರಾಜ್‌ದೂತೋ. ಎರಡೂ ಪಕ್ಕ ಒಂದೊಂದಿದ್ದರೆ ಜಾವಾ. ಹಾಗೆ ನೋಡಿ ನೋಡಿ ಎರಡು ಫೋಟೊ ಕೊಟ್ಟೆ. ಚಿಕ್ಕಪ್ಪನ ನಗು ಒಲೆಯೊಳಗೆ ಸುರುಟಿಕೊಂಡಿತು.

ಮೂರನೆಯದು ಕೈಗೆ ಬಂದಾಗ, ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಅವರ ಮದುವೆಗೆ ಫೋಟೊದವನು ಬಂದಿರಲಿಲ್ಲ. ಗಂಡನ ಜೊತೆ ಅವಳಿಗಿದ್ದದ್ದು ಇದೊಂದೇ ಪಟ. ದೀಪಾವಳಿ ಮಾರನೆಯ ದಿನ ಗುಮಟಾಪುರದ ಸೆಗಣಿ ಹಬ್ಬದಲ್ಲಿ ತೆಗೆದದ್ದು. ಸೆಗಣಿಯುಂಡೆ ಎರಚಾಡಿ ಮುಗಿದ ಮೇಲೂ ಗೆಳೆಯರ ಕೈ ಸುಮ್ಮನಿರದೆ ಬೈಕಿಗೂ ಮೆತ್ತಿಬಿಟ್ಟಿದ್ದರು. ಹಿಂದೆ ಕೂತ ಚಿಕ್ಕಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದಾಳೆ. ಟ್ಯಾಂಕು, ಇಂಜಿನ್ನು, ಸೈಲೆನ್ಸರು ಎಲ್ಲ ಸೆಗಣಿಮಯ.

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು.

"ಇದು ಅದಲ್ಲಜ್ಜಿ. ನಮ್ ಮೇಷ್ಟ್ರ ಬುಲೆಟ್ಟು. ಅಬ್ಬಕ್ಕೆ ಈಸ್ಕಂಡಿದ್ರು," ಅಂದೆ.

ಅಜ್ಜಿ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದಳು. ಎದುರಿನಿಂದ ತೆಗೆದದ್ದು ಅದೊಂದೇ. ಮೈಯೆಲ್ಲ ಸೆಗಣಿಯಾದರೂ ಹೆಡ್‌ಲೈಟ್ ಮಾತ್ರ ಶುಭ್ರವಾಗಿತ್ತು. ಎಷ್ಟೇ ಪುಂಡರಾಗಲಿ, ವಿಭೂತಿಯ ಮೇಲೆ ಸೆಗಣಿ ಮೆತ್ತುವ ಜನ ನಮ್ಮ ಕಡೆ ಇಲ್ಲ. ಅಯ್ಯೋ, ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ! ಮೂರು ಗೆರೆ. ಕೆಳಗಿನದು ಸೊಟ್ಟ. ಕುಡುಗೋಲು ತಾಗಿ ಅಜ್ಜಿಯ ಉಂಗುರದ ಬೆರಳು ಸೊಟ್ಟಗಾಗಿತ್ತು.

"ಮೇಷ್ಟ್ರ ಬುಲೆಟ್ಟಿಗೆ ನಾನ್ಯಾಕವ್ವ ಇಬೂತಿ ಇಕ್ಲಿ?"

ಚಿಕ್ಕಮ್ಮ ಎದ್ದು ನಿಂತಳು, ಮಡಿಲ ಅವರೆಕಾಯಿ ನೆಲಕ್ಕೆ ಚೆಲ್ಲಿತು. ಅಜ್ಜಿ ಒಲೆಯ ಕಡೆ ತಿರುಗಲಿಲ್ಲ. ಆ ಸೊಟ್ಟ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೂತಳು.

"ಆವತ್ತೊಂದಿನ ಇಕ್ನಿಲ್ಲ ಕಣ ಕೂಸೇ. ಬೇಗ ಬಾ ಅಂದುದ್ಕೆ ಎದುರು ಮಾತಾಡ್ಬುಟ್ಟ ಅಂತ ಮೊಕ ತಿರಿಕ್ಕಂಡು ಕುಂತ್ಕಂಡೆ. ಬಾಗ್ಲಲ್ಲಿ ವಂಡಿ ನಿಲ್ಸ್ಕಂಡು ಕಾದ. ನಾನು ಏಳ್ನಿಲ್ಲ."

ಯಾರಿಗೂ ಹೇಳದೆ ಇಷ್ಟು ತಿಂಗಳು ಇದನ್ನು ನುಂಗಿಕೊಂಡಿದ್ದಳು ಮುದುಕಿ.

ಚಿಕ್ಕಮ್ಮ ಬಂದು ಅವಳ ಪಕ್ಕ ಕೂತಳು. ಅಜ್ಜಿ ಫೋಟೊವನ್ನು ಅವಳ ಮಡಿಲಿಗೆ ಹಾಕಿ, "ಮಡಿಕ್ಕೊ ಮಗ. ನನ್ ಕಣ್ಗೆ ಬೀಳ್ದಂಗೆ ಮಡಿಕ್ಕೊ," ಅಂದಳು.